ಸಭಾಭವನದ ಬಾಗಿಲು

ಹುಕ್ಕೇರಿ
18 ಮೇ 2025

ಮುಖ್ಯಾಧ್ಯಾಪಕರಾದ ಬಸವಲಿಂಗ ಸರ್ ಅವರಿಗೆ ಸುಮನಳ ಶರಣು.

ಕಟ್ಟಿಕೊಂಡ ಹೆಂಡತಿ ಗಂಡನಿಗೆ ಹೀಗೆ ಬರೆಯುವುದೇ ಎಂದು ಹುಬ್ಬು ಗಂಟಿಕ್ಕಬೇಡಿ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನಗೆ ನೀವು ನೋಟಿಸು ತಂದು ಕೊಟ್ಟಾಗ ಅದರ ಮೇಲೆ ಬರೆದದ್ದು ‘ಸಹಶಿಕ್ಷಕಿಯಾದ ಶ್ರೀಮತಿ ಸುಮನ ಇವರಿಗೆ’ ಎಂದೇ. ಹಿಟ್ಟಿನ ಕೈ ತೊಳೆದುಕೊಳ್ಳುವವರೆಗೂ ನಿಮಗೆ ತಾಳ್ಮೆ ಇರಲಿಲ್ಲ. ಸಹಿ ಬೇಕಾಗಿತ್ತು, ಹಾಕಿಸಿಕೊಂಡು ಹೋದಿರಿ.

ನಿನ್ನೆ ನಿಮ್ಮ ಶಾಲೆಯ ಗಣಿತದ ಸತ್ತೆಪ್ಪ ಸರ್ ಬಂದಿದ್ದರು. ನೀವು ಕಳಿಸಿದ ಇಳಕಲ್ ಸೀರೆಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಹವೆಯ ಬಗ್ಗೆ, ಕಬ್ಬಿನ ಬಗ್ಗೆ ಮಾತಾಡಿದರು. ಕೊನೆಗೆ, “ಅಕ್ಕೋರ, ಮೂವತ್ತೊಂದಕ್ಕ ಸರ್ ರಿಟೈರ್ ಆಗಾಕತ್ತಾರ. ಸತ್ಕಾರ ಇಟಗೊಂಡೇವ್ರಿ. ಗಂಡ ಹೆಂಡತಿ ಜೋಡೀಲೆ ಕುಂತ್ರ ಚೊಲೋ ಕಾಣತೈತಿ, ಮಂದಿ ಬಾಯಿನೂ ಮುಚ್ಚತೈತಿ” ಎಂದರು. “ಇದನ್ನ ಕೇಳಾಕ ಅವರಿಗೆ ಬಾಯಿ ಇದ್ದಿಲ್ಲೇನ್ರಿ?” ಎಂದೆ. ಪಾಪ, ಅವರು ಚಹಾದ ಬಟ್ಟಲನ್ನೇ ನೋಡುತ್ತ ಕುಳಿತರು. ನಿಮ್ಮ ಪರವಾಗಿ ನಾಚಿಕೊಳ್ಳುವ ಕೆಲಸವನ್ನೂ ನೀವು ಬೇರೆಯವರಿಗೇ ವಹಿಸಿದ್ದೀರಿ.

ನಿಮ್ಮ ಅಭಿನಂದನ ಪುಸ್ತಿಕೆಯ ಕರಡನ್ನೂ ತೋರಿಸಿದರು. ‘ಮಹಾಪೂರ ಬಂದಾಗ ಶಾಲೆಯ ಸಭಾಭವನದ ಬಾಗಿಲು ತೆರೆದು ಬಡವರಿಗೆ ಆಸರೆಯಾದ ಕರುಣಾಮಯಿ.’ ಓದಿ ನಾನು ನಕ್ಕ ನಗೆಗೆ ಸತ್ತೆಪ್ಪ ಸರ್ ಬೆಚ್ಚಿದರು. ಕರುಣಾಮಯಿಯಂತೆ! ನಿಮ್ಮ ಮುಖಕ್ಕೆ ಆ ಶಬ್ದ ಎರವಲು ತಂದ ಅಂಗಿಯ ಹಾಗೆ ಕಾಣುತ್ತದೆ, ಸರ್.

ಅದೇ ಪುಸ್ತಿಕೆಯಲ್ಲಿ ಶಾಲೆಯ ಇತಿಹಾಸವೂ ಇದೆ. ಯಾವ ಸಾಹೇಬರು ಬಂದರು, ಯಾವ ಸಾಹೇಬರು ಹೋದರು ಎಂಬುದೇ ಇತಿಹಾಸ! ನಮ್ಮ ಅಪ್ಪ ಲಕ್ಕಪ್ಪ ಆ ಶಾಲೆಯ ಮೊದಲ ತಂಡದ ವಿದ್ಯಾರ್ಥಿ. ಆಗ ಕಟ್ಟಡವೇ ಇರಲಿಲ್ಲ. ಖಾಲಿ ಬಿದ್ದ ಬೆಲ್ಲದ ಗೋದಾಮಿನಲ್ಲಿ ಪಾಠ, ಪುಸ್ತಕಕ್ಕೆಲ್ಲ ಇರುವೆ. ಮುಂದೆ ಊರವರು ಎತ್ತಿನ ಬಂಡಿಯಲ್ಲಿ ಕಲ್ಲು ತಂದು ಹಾಕಿದರು. ಆದರೆ ಪಾಯ ತೋಡಿದವರು ಹೊಳೆ ದಂಡೆಯ ಓಣಿಯವರು. ಹಗಲೆಲ್ಲ ಮಂದಿಯ ಹೊಲದಲ್ಲಿ ದುಡಿದು ಸಂಜೆ ಬಂದು ತೋಡುತ್ತಿದ್ದರೆಂದು ಅಪ್ಪ ಹೇಳುತ್ತಿದ್ದರು. ಕೂಲಿ ಕೇಳಲಿಲ್ಲ, ನಮ್ಮ ಹುಡುಗರೂ ಒಳಗೆ ಕೂಡಬೇಕು ಎಂದಷ್ಟೇ ಕೇಳಿದರಂತೆ. ನಿಮ್ಮ ಪುಸ್ತಿಕೆಯಲ್ಲಿ ಅವರಿಗೆ ಒಂದು ಸಾಲೂ ಇಲ್ಲ.

ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ ಇದು. ನಾನು ಆ ಶಾಲೆಗೆ ಶಿಕ್ಷಕಿಯಾಗಿ ಹೊಸದಾಗಿ ಬಂದಾಗ ನೀವು ಅದೇ ಓಣಿಯಲ್ಲಿ ಸೈಕಲ್ ನಿಲ್ಲಿಸಿ, ಶಾಲೆ ಬಿಟ್ಟ ಹುಡುಗಿಯರ ಮನೆ ಮುಂದೆ ಕೂಡುತ್ತಿದ್ದಿರಿ. “ಹುಡುಗೀನ ಕಳಸೂತನಕ ನಾ ಏಳಂಗಿಲ್ಲ ನೋಡ್ರಿ” ಎಂದು ಹಟ ಹಿಡಿಯುತ್ತಿದ್ದಿರಿ. ಅವರು ಕೊಟ್ಟ ಮಜ್ಜಿಗೆ ಕುಡಿದು ಹುಡುಗಿಯನ್ನು ಕರೆದುಕೊಂಡೇ ಬರುತ್ತಿದ್ದಿರಿ. ಮನೆಯವರನ್ನೆಲ್ಲ ಎದುರು ಹಾಕಿಕೊಂಡು ನಾನು ಮದುವೆಯಾದದ್ದು ಆ ಮನುಷ್ಯನನ್ನು. ಆತ ಯಾವಾಗ ತೀರಿಕೊಂಡನೋ ನನಗೆ ತಿಳಿಯಲೇ ಇಲ್ಲ. ಮುಖ್ಯಾಧ್ಯಾಪಕರ ಕೋಣೆಗೆ ಪರದೆ, ಮೇಜಿಗೆ ಗಾಜು ಬಂದಮೇಲೆ ಇರಬೇಕು.

2019ರ ಆಗಸ್ಟ್ ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ಘಟಪ್ರಭೆ ಊರೊಳಗೆ ಬಂದು ಹೊಳೆ ದಂಡೆಯ ಓಣಿಯನ್ನು ಮುಳುಗಿಸಿತು. ಜನ ಹಾಸಿಗೆ, ಆಡು, ಮುದುಕರನ್ನು ಹೊತ್ತುಕೊಂಡು ಎತ್ತರದ ನಮ್ಮ ಶಾಲೆಗೆ ಬಂದರು. ಕೋಣೆಗಳೆಲ್ಲ ತುಂಬಿದವು, ಹಂಚುಗಳೆಲ್ಲ ಸೋರಿದವು. ಹೊಸ ಸಭಾಭವನ ಮಾತ್ರ ಬೀಗ ಹಾಕಿಕೊಂಡು ಬೆಚ್ಚಗೆ ನಿಂತಿತ್ತು. ಸಾಹೇಬರೊಬ್ಬರು ಉದ್ಘಾಟನೆಗೆ ಬರುವವರಿದ್ದರಲ್ಲ! ಒಳಗೆ ಕೆಂಪು ಜಮಖಾನೆಯನ್ನೂ ಹಾಸಿಸಿ ಇಟ್ಟಿದ್ದಿರಿ.

ಅದೇ ಓಣಿಯ ರಾಮವ್ವ ಬಂದು ನಿಮ್ಮ ಕಾಲು ಹಿಡಿದಳು. “ಸರ್, ನನ್ನ ಸೊಸಿಗೆ ಹೆರಿಗಿ ಬ್ಯಾನಿ ಚಾಲೂ ಆಗ್ಯಾವ್ರಿ. ಗೋಕಾಕಕ್ಕ ಒಯ್ಯಾಕ ದಾರಿ ಇಲ್ಲ. ಆ ದೊಡ್ಡ ಖೋಲಿ ತಗೀರಿ, ನಿಮ್ಮ ಪುಣ್ಯಾ ಬರತೈತಿ.” ಅವಳ ಸೊಸೆ ಲಕ್ಷ್ಮೀ ಗಂಡಸರ ನಡುವೆ, ಎರಚಲು ಹೊಡೆಯುವ ಪಡಸಾಲೆಯಲ್ಲಿ ಸೆರಗು ಕಚ್ಚಿಕೊಂಡು ಮಲಗಿದ್ದಳು. ನೀವು ಛತ್ರಿ ಹಿಡಿದು ನಿಂತಲ್ಲಿಂದಲೇ, “ಉದ್ಘಾಟನಿ ಆಗಿಲ್ಲವ್ವ. ಮ್ಯಾಲಿನವರ ಆರ್ಡರ್ ಇಲ್ಲದ ತಗ್ಯಾಕ ಬರಂಗಿಲ್ಲ” ಎಂದಿರಿ. ನಾನು ಬಂದು ಕೀಲಿ ಕೊಡಿ ಎಂದೆ. “ಒಳಗ ಹೊಲಸಾದ್ರ ನಾಳೆ ಉತ್ತರಾ ಕೊಡವ್ರು ಯಾರು?” ಎಂದಿರಿ.

ಹೊಲಸು! ಒಂದು ಕೂಸು ಭೂಮಿಗೆ ಬರುವುದಕ್ಕೆ ನೀವು ಇಟ್ಟ ಹೆಸರು ಅದು. ನೀವು ನನ್ನ ಮನಸ್ಸಿನಿಂದ ಇಳಿದದ್ದು ಆ ಶಬ್ದಕ್ಕೆ, ಆಮೇಲಾದ ನನ್ನ ವರ್ಗಾವಣೆಗಲ್ಲ.

ಆಟದ ಸಾಮಾನಿನ ಕೋಣೆಯಿಂದ ಗುಂಡು ಎಸೆತದ ಕಬ್ಬಿಣದ ಗುಂಡು ತಂದು ಬೀಗ ಒಡೆದವಳು ನಾನು. ನನ್ನ ಬೆರಳು ಜಜ್ಜಿ ರಕ್ತ ಬಂತು. ನೀವು ನೋಡುತ್ತಿದ್ದಿರಿ. ತಡೆಯುವ ಧೈರ್ಯವಾಗಲಿ, ಕೈಜೋಡಿಸುವ ಮನಸ್ಸಾಗಲಿ ನಿಮಗಿರಲಿಲ್ಲ. ಸಾಹೇಬರು ನಡೆಯಬೇಕಿದ್ದ ಜಮಖಾನೆಯ ಮೇಲೆ ಲಕ್ಷ್ಮೀ ಹೆತ್ತಳು, ಹೆಣ್ಣು ಕೂಸು. ರಾಮವ್ವ ಅದನ್ನು ನನ್ನ ಸೀರೆಯ ಸೆರಗಿನಲ್ಲೇ ಸುತ್ತಿದಳು.

ಆಮೇಲೆ ಕ್ಯಾಮೆರಾದವರು ಬಂದರು. ಆ ಕೂಸನ್ನು ಎತ್ತಿಕೊಂಡು ನಿಂತವರು ಯಾರು, ಸರ್? ನೀವು. ನೀರು ಇಳಿದ ಮೇಲೆ ಸರಕಾರಿ ಸ್ವತ್ತಿಗೆ ಹಾನಿ ಮಾಡಿದಳೆಂದು ನನ್ನ ಮೇಲೆ ವರದಿ ಬರೆದವರೂ, ಅಡುಗೆಮನೆಗೆ ಆ ನೋಟಿಸು ತಂದವರೂ ನೀವು. “ಮನಿ ಬ್ಯಾರೆ, ಸಾಲಿ ಬ್ಯಾರೆ” ಎಂದು ನನಗೆ ತಿಳಿಹೇಳಿದಿರಿ. ನನ್ನನ್ನು ಹುಕ್ಕೇರಿ ಕಡೆಗೆ ಹಾಕಿದರು. ನಾನು ಮನೆಯನ್ನೂ ಬಿಟ್ಟೆ. ಬಸ್ ಸ್ಟ್ಯಾಂಡಿಗೆ ನನ್ನ ಟ್ರಂಕು ಹೊತ್ತು ಬಂದವಳು ರಾಮವ್ವ. “ನೀವ್ಯಾಕ ಹೊಂಟ್ರಿ ಅಕ್ಕೋರ? ಹೋಗಬೇಕಾದವ್ರು ಅವ್ರು” ಎಂದು ಬಸ್ಸು ಬಿಡುವವರೆಗೂ ಬೈಯುತ್ತಿದ್ದಳು. ಗಂಡನನ್ನು ಬೈದರೆ ಹೆಂಡತಿಗೆ ಸಿಟ್ಟು ಬರಬೇಕಲ್ಲವೇ? ನನಗೆ ಬರಲಿಲ್ಲ. ಆಗಲೇ ಗೊತ್ತಾಯಿತು, ಇನ್ನು ತಿರುಗಿ ಬರುವುದಿಲ್ಲ ಎಂದು.

ಈಗ ಜೋಡಿಯಾಗಿ ಕೂಡಬೇಕಂತೆ. ವೇದಿಕೆಯ ಅಲಂಕಾರಕ್ಕೆ ಹೆಂಡತಿ ಬೇಕಾದರೆ ಶಾಮಿಯಾನದವನಿಗೆ ಹೇಳಿ, ಉಳಿದ ಸಾಮಾನಿನ ಜೊತೆ ತಂದಾನು. ಸೀರೆಯನ್ನು ಸತ್ತೆಪ್ಪ ಸರ್ ಕೈಯಲ್ಲೇ ತಿರುಗಿ ಕಳಿಸಿದ್ದೇನೆ.

ಆದರೆ ಆ ಕರುಣಾಮಯಿ ಸಾಲನ್ನು ನೀವೇ ತೆಗೆಸಬೇಕು. ತೆಗೆಸದಿದ್ದರೆ ನಾನು ಸಮಾರಂಭಕ್ಕೆ ಖಂಡಿತ ಬರುತ್ತೇನೆ. ಕೆಳಗೆ ರಾಮವ್ವನ ಬಾಜೂ ಕೂಡುತ್ತೇನೆ. ಯಾರಾದರೂ ಆ ಸಾಲು ಓದಿದರೆ ಇಬ್ಬರೂ ಎದ್ದು ನಿಲ್ಲುತ್ತೇವೆ. ಅವಳಿಗೆ ಮೈಕು ಬೇಕಾಗುವುದಿಲ್ಲ, ಅದು ನಿಮಗೆ ಗೊತ್ತು.

ಇನ್ನೊಂದು ಮಾತು, ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾನೇ ಹೇಳಿಬಿಡುತ್ತೇನೆ. ನನಗೆ ಮುಖ್ಯಾಧ್ಯಾಪಕಿಯಾಗಿ ಬಡ್ತಿ ಆಗಿದೆ. ಜಾಗ ಆರಿಸಿಕೊಳ್ಳುವ ಕೌನ್ಸೆಲಿಂಗಿನಲ್ಲಿ ಅಂಕಲಗಿಯ ಕಡೆ ಒಂದು ಒಳ್ಳೆಯ ಜಾಗ ಇತ್ತು. ಬಿಟ್ಟು, ನಿಮ್ಮಿಂದ ತೆರವಾಗುವ ಕುರ್ಚಿಯನ್ನೇ ಕೇಳಿ ತೆಗೆದುಕೊಂಡೆ. ಜೂನ್ ಎರಡಕ್ಕೆ ಹಾಜರಾಗುತ್ತೇನೆ. ಗೋದಾಮಿನ ಕಾಲದ ಮುದುಕರು ಇನ್ನೂ ಕೆಲವರಿದ್ದಾರೆ. ಅವರನ್ನು ಕೂಡಿಸಿ ಮಕ್ಕಳ ಎದುರಿಗೇ ಶಾಲೆಯ ಇತಿಹಾಸ ಹೇಳಿಸುತ್ತೇನೆ. ನಿಮ್ಮ ಕಾಲದ ಸರದಿ ಬಂದಾಗ ನಿಮ್ಮ ಸಂಗತಿಯನ್ನೂ ಹೇಳುತ್ತಾರೆ. ಆಗ ನಾನು ಯಾರ ಬಾಯಿಯನ್ನೂ ಮುಚ್ಚಿಸುವುದಿಲ್ಲ.

ಇಂತಿ,
‘ನಿಮ್ಮ’ ಎಂದು ಬರೆಯಲಾರದ
ಸುಮನ

ತಾ.ಕ.: ಸೇವಂತಿಗೆ ಹಾರ ಹಾಕಿದರೆ ನಿಮಗೆ ಸೀನು ಹಿಡಿದು ಕಣ್ಣು ಬಾತುಕೊಳ್ಳುತ್ತವೆ. ಮಲ್ಲಿಗೆಯದೇ ತರಿಸಲು ಸತ್ತೆಪ್ಪ ಸರ್‌ಗೆ ಹೇಳಿದ್ದೇನೆ. ನಾನು ಹೇಳಿದೆನೆಂದು ನಿಮಗೆ ತಿಳಿಸಬೇಡಿ ಎಂದಿದ್ದೆ. ಈಗ ನಾನೇ ಬರೆದುಬಿಟ್ಟೆ.