ಮರಳಿನಲ್ಲಿ ನಿಂತಿದ್ದ ಆನೆ

ಆಲೂರು, ಭಾನುವಾರ ಮಧ್ಯಾಹ್ನ

ಗೆಳೆಯ ಅಬ್ದುಲ್ ಸತ್ತಾರನಿಗೆ,

‘ಐ ಆಮ್ ವೆಲ್ ಹಿಯರ್, ಹೋಪಿಂಗ್ ಟು ಹಿಯರ್ ದಿ ಸೇಮ್ ಫ್ರಮ್ ಯೂ’ ಎಂದು ಶುರು ಮಾಡಬೇಕಿತ್ತು. ಹಾಸನದ ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಪೂರ್ತಿ ನೆನಪಿರುವುದು ಅದೊಂದೇ ವಾಕ್ಯ. ಆದರೆ ನೀನು ಚೆನ್ನಾಗಿಲ್ಲ ಎಂದು ಹೇಳುವುದಕ್ಕೇ ಪೆನ್ನು ಹಿಡಿದವನಿಗೆ ಅದು ಕೈಗೆ ಬರಲಿಲ್ಲ. ಎರಡು ಬೀದಿ ಆಚೆ ಇರುವವನಿಗೆ ಕಾಗದ ಯಾಕೆ ಎಂದು ನೀನು ನಗಬಹುದು. ಬುಧವಾರದಿಂದ ಮೂರು ಸಲ ನಿನ್ನ ಮನೆಗೆ ಬಂದೆ. ಮೂರು ಸಲವೂ ಟೀ ಕುಡಿದು, ಮಳೆ ಚಳಿಯ ಮಾತಾಡಿ, ಹೇಳಬೇಕಾದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ವಾಪಸಾದೆ.

ಹೋದ ವರ್ಷದ ಡಿಸೆಂಬರಿನಿಂದ ಹೇಳುತ್ತೇನೆ. ಅರವತ್ತು ದಾಟಿದ ಮೂವರು, ನೀನು, ನಾನು, ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೆಲಸದಿಂದ ಆಗಷ್ಟೇ ಬಿಡುಗಡೆಯಾಗಿದ್ದ ಲಕ್ಕಯ್ಯ, ನಿನ್ನ ಜೀಪಿನಲ್ಲಿ ರಾಜಸ್ಥಾನದ ಮರಳುಗಾಡು ನೋಡಲು ಹೊರಟೆವಲ್ಲ. ಕಾಫಿಪುಡಿ, ಫಿಲ್ಟರು, ಮೂರು ಕಂಬಳಿ. ಸ್ಟೇರಿಂಗ್ ಯಾರಿಗೂ ಬಿಟ್ಟುಕೊಡದೆ ಐದು ದಿನ ನೀನೊಬ್ಬನೇ ಓಡಿಸಿದೆ. ಜೈಸಲ್ಮೇರ್ ದಾಟಿದ ಮೇಲೆ ರಸ್ತೆ ದಾರ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಬಿಸಿಲಿದ್ದರೂ ಗಾಳಿ ಚೂರಿಯಂತಿತ್ತು. ಲಕ್ಕಯ್ಯ ಹಿಂದಿನ ಸೀಟಿನಿಂದ, “ಇಲ್ಲಿ ದೇವ್ರು ಮರಗಸಿ ಜಾಸ್ತಿ ಮಾಡ್ಬುಟ್ಟವ್ನೆ ಕಣ್ರೋ, ನೆಳ್ಳಿಗೆ ಒಂದು ಸಿಲ್ವರ್ ಮರನೂ ಉಳಿಸಿಲ್ಲ” ಅಂದಿದ್ದ. ತೋಟದಲ್ಲಿ ನೆರಳಿನ ಮರಗಳ ಕೊಂಬೆ ಕಡಿಸುವ ಮರಗಸಿಯನ್ನು ದೇವರಿಗೂ ಹಚ್ಚಿದ ಅವನ ಆ ಮಾತಿಗೆ ನಾವು ನಗುತ್ತಿರುವಾಗಲೇ ನೀನು ಜೀಪು ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ.

“ಯಾರೂ ಉಸುರ್ ಬಿಡ್ಬ್ಯಾಡ್ರಿ. ಆನೆ ಐತೆ.”

ನಮ್ಮ ಕಡೆಯವರ ಅಭ್ಯಾಸ ನೋಡು. ಆನೆ ಎಂದ ಕೂಡಲೇ ಮೂವರೂ ಕಲ್ಲಾದೆವು. ಲಕ್ಕಯ್ಯ ಬಾಯಿಗೆ ಟವೆಲ್ ಒತ್ತಿಕೊಂಡ. ನಾನು ಮೆಲ್ಲಗೆ ಗಾಜು ಏರಿಸಿದೆ. ಹೀಗೆ ಎಷ್ಟು ಹೊತ್ತು ಕೂತಿದ್ದೆವೋ, ಕಣ್ಣು ಹರಿದಷ್ಟು ದೂರವೂ ಮರಳು ಬಿಟ್ಟು ಏನೂ ಇರಲಿಲ್ಲ. ನೀನು ಮಾತ್ರ ಪಿಸುಗುಟ್ಟಿದೆ: “ಎಡಗಡೆ ದಂತ ಮುರ್ದೈತೆ.” ಹಿಂದಿನಿಂದ ಹಾಲಿನ ಟೆಂಪೊ ಹಾರನ್ ಹೊಡೆದಾಗ ನಮಗೆ ಎಚ್ಚರವಾಯಿತು.

ಲಕ್ಕಯ್ಯ ಹೊಟ್ಟೆ ಹಿಡಿದು ನಕ್ಕ. ನಿನ್ನ ಮುಖ ಬೆವರಿದ್ದನ್ನು ನಾನು ನೋಡಿದೆ, ಸತ್ತಾರ್. ಆ ಚಳಿಯಲ್ಲಿ. ನೋಡಿಯೂ ಬಿ.ಎಸ್ಸಿ. ಓದಿದವನ ಗತ್ತಿನಲ್ಲಿ, ಬಿಸಿಲುಗುದುರೆಯ ಇಂಗ್ಲಿಷ್ ಹೆಸರು ಹುಡುಕಿ, “ಇದಕ್ಕೆ ಮಿರಾಜ್ ಅಂತಾರೆ, ಟೋಟಲ್ ಇಂಟರ್ನಲ್ ರಿಫ್ಲೆಕ್ಷನ್ನೋ ರಿಫ್ರಾಕ್ಷನ್ನೋ” ಎಂದೆ. ಲಕ್ಕಯ್ಯ, “ಮಿರಜ್ಜು ಮೊನ್ನೇನೇ ದಾಟ್ಬುಟ್ವಲ್ಲೋ, ಮಹಾರಾಷ್ಟ್ರದಾಗೆ” ಅಂದ. ನೀನೂ ನಕ್ಕೆ. ಅಲ್ಲಿಗೆ ಆ ಮಾತು ಮುಗಿಯಿತು. ಮುಗಿಸಿದವನು ನಾನು. ಊರಿಗೆ ಬಂದ ಮೇಲೂ ವರ್ಷವಿಡೀ ‘ಸಾಬರ ಆನೆ’ ಎಂದು ಬಸ್ ಸ್ಟ್ಯಾಂಡಿನಲ್ಲಿ ನಿನ್ನನ್ನು ಆಡಿಕೊಂಡೆವು.

ಇನ್ನೊಂದು ಸಂಗತಿ ಲಕ್ಕಯ್ಯನಿಗೂ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಲಾಡ್ಜಿನ ಮೆಟ್ಟಿಲ ಮೇಲೆ ಕೂತು ನೀನು ಕೇಳಿದೆ: “ಕಮಲಮ್ಮಂಗೆ ಫೋನ್ ಮಾಡ್ದೇನೋ? ಕಾಯ್ತಿರ್ತಾರೆ.” ನನ್ನ ಹೆಂಡತಿ ತೀರಿ ಆಗ ಮೂರು ವರ್ಷ. ಚಟ್ಟಕ್ಕೆ ಮುಂದಿನಿಂದ ಹೆಗಲು ಕೊಟ್ಟವನು ನೀನು. ನಾನು “ಮಾಡ್ದೆ” ಎಂದೆ. ಯಾಕೆ ಹಾಗೆಂದೆ ಎಂದು ಬಹಳ ದಿನ ಯೋಚಿಸಿದ್ದೇನೆ. ನಿನಗೆ ನೋವಾಗದಿರಲಿ ಎಂದಲ್ಲ. ಅವಳು ಎಲ್ಲೋ ಕಾಯುತ್ತಿದ್ದಾಳೆ ಎಂಬಂತೆ ಲೋಕದಲ್ಲಿ ಒಬ್ಬನಾದರೂ ಕೇಳಿದನಲ್ಲ ಎಂದು ನನಗೆ ಹಿತವಾಗಿತ್ತು. ಆಮೇಲೆ ಈ ವರ್ಷದಲ್ಲಿ ನೀನು ನಾಲ್ಕೈದು ಸಲ ಕೇಳಿದೆ. ಪ್ರತಿ ಸಲವೂ “ಮಾಡ್ದೆ” ಎಂದೆ. ನಿನ್ನ ಕಾಯಿಲೆಯನ್ನು ನಾನು ಸಾಕಿಕೊಂಡೆ.

ಕಮಲ ಎದೆ ಉರಿ ಎಂದಾಗಲೂ ‘ಗ್ಯಾಸ್ಟ್ರಿಕ್’ ಎಂದವನು ನಾನೇ. ಸೋಡಾ ಕುಡಿಸಿ, ಸಂಜೆ ನೋಡೋಣ ಎಂದೆ. ಆ ಸಂಜೆ ಅವಳಿಗೆ ಬರಲಿಲ್ಲ. ಹೆದರಿಕೆಯಾದಾಗಲೆಲ್ಲ ಅದರ ಮೇಲೆ ಒಂದು ಇಂಗ್ಲಿಷ್ ಶಬ್ದ ಮುಚ್ಚಿಡುವುದು ನನ್ನ ಚಾಳಿ.

ಈಗ ಬುಧವಾರದ್ದು. ಬೆಳಿಗ್ಗೆ ಮೊಮ್ಮಗಳು ಫಾಯಿಜಾಳನ್ನು ಅವಳು ಪಾಠ ಮಾಡುವ ಕೆ. ಹೊಸಕೋಟೆಯ ಸ್ಕೂಲಿಗೆ ಬಿಡಲು ನೀನು ಹೊರಟಾಗ ನನ್ನ ತುಂಡು ತೋಟದ ಕೊಯ್ಲು ನೋಡಲು ನಾನೂ ಹತ್ತಿದೆ. ಅವಳು ಹಿಂದೆ ಕೂತು ಮಕ್ಕಳ ಟೆಸ್ಟ್ ಪೇಪರ್ ತಿದ್ದುತ್ತಿದ್ದಳು. ಮಂಜು ರಸ್ತೆಗೇ ಇಳಿದಿತ್ತು. ಆ ಎರಡನೇ ತಿರುವಿನಲ್ಲಿ ಅದು ನಿಂತಿತ್ತು. ಒಂಟಿ. ಎಡದಂತ ಮುರಿದದ್ದು. ಸುತ್ತಿನ ಊರಿನವರೆಲ್ಲ ಕಂಡಿರುವ ಆನೆಯೇ, ನೀನು ಅಷ್ಟು ದೂರ ಮರಳಿಗೆ ಹೊತ್ತುಕೊಂಡು ಹೋಗಿದ್ದದ್ದೂ ಅದನ್ನೇ. “ಆನೆ, ಆನೆ” ಎಂದೆ ನಾನು. ನೀನು ಅದನ್ನು ನೆಟ್ಟಗೆ ನೋಡಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ.

“ಬುಡೋ ಮಾರಾಯ. ಇದು ನಿನ್ ಮಿರಾಜು.”

ನಗುತ್ತಾ ಅಂದೆ ನೀನು. ನಾನು ಹ್ಯಾಂಡ್‌ಬ್ರೇಕ್ ಎಳೆಯದಿದ್ದರೆ ಈ ಕಾಗದ ಬರೆಯಲು ನಾನಿರುತ್ತಿರಲಿಲ್ಲ. ಜೀಪು ಚರಂಡಿಗೆ ವಾಲಿತು, ಪೇಪರುಗಳೆಲ್ಲ ಚೆಲ್ಲಿದವು. ಅವಳು ಬಗ್ಗಿ ಅವನ್ನು ಆಯ್ದುಕೊಂಡು ತಲೆ ಎತ್ತುವಷ್ಟರಲ್ಲಿ ಅದು ಕಾಫಿ ಗಿಡಗಳೊಳಗೆ ಇಳಿದು ಹೋಗಿತ್ತು. “ಏನಾಯ್ತು ತಾತ?” ಎಂದು ನನ್ನನ್ನು ಕೇಳಿದಳು. ನಾನು ಏನಂದೆ ಎಂಬುದು ನಿನಗೆ ನೆನಪಿದೆಯೋ ಇಲ್ಲವೋ. ನನಗಿದೆ.

ಇಲ್ಲದ ಆನೆಗೆ ನೀನು ನಿಲ್ಲಿಸುತ್ತಿದ್ದಾಗ ಯಾರಿಗೂ ಅಪಾಯವಿರಲಿಲ್ಲ. ಇರುವ ಆನೆಯನ್ನು ನಂಬಬೇಡ ಎಂದು ನಕ್ಕು ನಕ್ಕು ನಾವೇ ನಿನಗೆ ಕಲಿಸಿದೆವು. ಈಗಷ್ಟೇ ಅರಣ್ಯದವರ ಮೆಸೇಜು ಬಂತು, ಅದೇ ತಿರುವಿನ ಕೆಳಗೆ ಒಂಟಿ ಆನೆ ಬೀಡುಬಿಟ್ಟಿದೆ. ನಾಳೆ ಸೋಮವಾರ. ಏಳು ಗಂಟೆಗೆ ನೀನು ಜೀಪು ತೆಗೆಯುತ್ತೀಯ.

ತೆಗೆಯಬೇಡ ಕಣೋ. ಹಾಸನದಲ್ಲಿ ಡಾಕ್ಟರನ್ನು ನೋಡೋಣ. ಬಸ್ಸಿನಲ್ಲಿ ಹೋಗೋಣ, ಕಿಟಕಿ ಸೀಟು ನಿನಗೆ. ನೀನು ಯಾವ ಆನೆ ತೋರಿಸಿದರೂ ಬಸ್ಸು ಓಡಿಸುವವನು ಬೇರೆಯವನಲ್ಲವೇ. ಇದು ಏನು ಕಾಯಿಲೆಯೋ ನನಗೆ ಗೊತ್ತಿಲ್ಲ. ಈ ಸಲ ನಾನು ಹೆಸರಿಡುವುದಿಲ್ಲ. ಕಮಲಳ ಫೋನಿನ ವಿಷಯ ಇನ್ನೊಮ್ಮೆ ಕೇಳಿದರೆ, ಇಲ್ಲ, ಅವಳು ಹೋದಳು ಎನ್ನುತ್ತೇನೆ. ಅದು ನನಗೂ ಕಷ್ಟವೇ.

ಲಕ್ಕಯ್ಯ ಸಂಜೆಯೊಳಗೆ ಇದನ್ನು ತಂದುಕೊಡುತ್ತಾನೆ. ನಿನ್ನ ಕನ್ನಡಕ ಸಿಗುವುದಿಲ್ಲ, ಎಂದಿನಂತೆ ಮೊಮ್ಮಗಳ ಕೈಯಲ್ಲೇ ಓದಿಸುತ್ತೀಯ. ಅದು ಗೊತ್ತಿದ್ದೇ ಬಾಯಲ್ಲಿ ಹೇಳದೆ ಬರೆದೆ. ಕ್ಷಮಿಸು.

ಫಾಯಿಜಾ, ಇಲ್ಲಿಯವರೆಗೆ ಗಟ್ಟಿಯಾಗಿ ಓದಿದ್ದರೆ ಇದನ್ನೂ ಹಾಗೇ ಓದು ಮಗಳೇ. ಬುಧವಾರ ನಾನು ನಿನಗೆ ಹೇಳಿದ ಹಾಗೆ ನಾಯಿ ಅಡ್ಡ ಬಂದಿರಲಿಲ್ಲ. ಜೀಪಿನ ಕೀ ಗೋಡೆಯ ಮೊಳೆಯಿಂದ ತೆಗೆದು ನಿನ್ನ ಬ್ಯಾಗಿಗೆ ಹಾಕಿಕೋ.

ನಾಳೆಯೂ ನಾಳಿದ್ದೂ ನೀವಿಬ್ಬರೂ ಸುಖವಾಗಿ ಮನೆ ಮುಟ್ಟಿರಿ ಎಂದು ಬೇಡುವ,

ದೇವೀರಪ್ಪ