ಬಾಟಲಿಯ ಮೇಲಿನ ಗೆರೆ

ಜನವರಿ 20, ಸೋಮವಾರ. ಬೆಳಿಗ್ಗೆ 10.40, ಲೈಬ್ರರಿ

ಮತ್ತೆ ಬಸ್ಸು ತಪ್ಪಿತು. ಹಾಲ್ಕುರಿಕೆಯಿಂದ ಆಟೋದಲ್ಲಿ ನಾಲ್ಕು ಜನರ ನಡುವೆ ಒತ್ತಿಕೊಂಡು ತಿಪಟೂರು ಸೇರುವಷ್ಟರಲ್ಲಿ ಮೊದಲ ಕ್ಲಾಸು ಮುಗಿದಿತ್ತು. ಅಟೆಂಡೆನ್ಸ್ 71. ಎಪ್ಪತ್ತೈದು ಆಗದಿದ್ದರೆ ಹಾಲ್ ಟಿಕೆಟ್ ಇಲ್ಲ. ಬಾಣಂತನದಲ್ಲಿ ಒಂದು ಸೆಮಿಸ್ಟರ್ ಹೋಗಿದೆ. ಇನ್ನೊಂದು ಹೋದರೆ ಎಂ.ಎ. ಸಾಕು, ಮನೆಯಲ್ಲಿರು ಎಂದು ಇವರು ಹೇಳಿಯಾಗಿದೆ. ಜಗಳದಲ್ಲಿ ಹೇಳಿದ್ದಲ್ಲ, ಮುದ್ದೆ ಮುರಿಯುತ್ತಾ ಹೇಳಿದ್ದು. ಅದಕ್ಕೇ ಭಯ.

ಅತ್ತೆಗೆ ಮಂಡಿ ನೋವು. ಗಾನವಿಗೆ ಎಂಟು ತಿಂಗಳು, ತೆವಳುತ್ತಾಳೆ. ಅವಳ ಹಿಂದೆ ಓಡಲಾರೆ ಎಂದು ಅತ್ತೆ ಕೈಚೆಲ್ಲಿದ್ದಾರೆ.

ಇವತ್ತು ನೋಟಿಸ್ ಬೋರ್ಡಿನಲ್ಲಿ ಹೊಸ ಹಾಳೆ. ಮಕ್ಕಳಿರುವ ವಿದ್ಯಾರ್ಥಿನಿಯರಿಗಾಗಿ ಕಾಲೇಜಿನಲ್ಲೇ ಮಗು ನೋಡಿಕೊಳ್ಳುವ ರೂಮು. ಹಳೇ ಎನ್‌ಸಿಸಿ ಸ್ಟೋರು. ಒಬ್ಬರು ಆಯಾ. ಫೀಸಿಲ್ಲ. ಕೆಳಗೆ ಮಹಿಳಾ ಘಟಕದ ಗಿರಿಜಾಂಬಿಕಾ ಮೇಡಂ ಸಹಿ.

ಫೀಸಿಲ್ಲ ಅಂದರೆ ಏನೋ ಇದೆ. ಫಾರ್ಮಿನಲ್ಲಿ ಗಂಡನ ಫೋನ್ ನಂಬರ್ ಯಾಕೆ? ಮಗುವಿನ ಫೋಟೋ ಎರಡು ಯಾಕೆ? ಮಾರ್ಚಿನಲ್ಲಿ ಇನ್‌ಸ್ಪೆಕ್ಷನ್ ಅಂತೆ. ಬಂದವರಿಗೆ ತೋರಿಸಲು ನಾಲ್ಕು ಕೂಸು ಬೇಕಿರಬೇಕು.

ಜನವರಿ 22

ಫಾರ್ಮ್ ಕೊಟ್ಟೆ. ಬೇರೆ ದಾರಿ ಇಲ್ಲ.

ಆಫೀಸಿನ ಮಲ್ಲೇಶ್ ಇವರ ಸೋದರಮಾವನ ಮಗ. ಯಾರು ಏನು ಬರೆದುಕೊಟ್ಟರೂ ಅವನ ರಿಜಿಸ್ಟರ್ ದಾಟಿಯೇ ಹೋಗಬೇಕು. ಫಾರ್ಮ್ ತಿರುವಿ ನೋಡಿ, ‘ಅತ್ತಿಗೆ, ಬಸಣ್ಣಂಗೆ ಗೊತ್ತೈತಾ ಇದು?’ ಎಂದ. ಸಂಜೆ ನಾನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ನಾನು ಇಲ್ಲಿ ಸೀನಿದರೆ ಅಲ್ಲಿ ಅತ್ತೆ ಕಷಾಯಕ್ಕಿಡುತ್ತಾರೆ.

ಜನವರಿ 27, ಸೋಮವಾರ

ಮೊದಲ ದಿನ. ಆಯಾ ಹೆಸರು ಚಿತ್ತಮ್ಮ. ಹುಳಿಯಾರಿನ ಕಡೆ ಹಟ್ಟಿಯವಳು, ಕುರಿ ಮೇಕೆ ಸಾಕುವ ಮನೆ. ಅರವತ್ತರ ಹತ್ತಿರ. ಇನ್ನೊಂದು ಮಗುವೂ ಇದೆ, ಐದು ತಿಂಗಳ ಗಂಡು. ಅದರ ತಾಯಿ ಮಂಜುಶ್ರೀ, ಬಿ.ಎ. ಕೊನೇ ವರ್ಷ, ಕಿಬ್ಬನಹಳ್ಳಿಯಿಂದ ಬರುತ್ತಾಳೆ. ಅವಳೂ ಹಟ್ಟಿಯವಳೇ. ಆಯಾ ಕೆಲಸ ಚಿತ್ತಮ್ಮನಿಗೆ ಹೇಗೆ ಸಿಕ್ಕಿತೆಂದು ಅರ್ಥವಾಯಿತು.

ಗಾನವಿ ನನ್ನ ಜಡೆ ಹಿಡಿದುಕೊಂಡು ಬಿಡಲಿಲ್ಲ. ‘ನೀನು ಓಗವ್ವ, ನೀನು ಕಣ್ಮುಂದೆ ಇದ್ರೆ ಅದು ಅಳೋದೇಯ’ ಅಂದಳು ಚಿತ್ತಮ್ಮ. ನನ್ನನ್ನು ಕಳಿಸಲು ಇಷ್ಟು ಅವಸರ ಯಾಕೋ.

ಬಾಟಲಿ ಕೊಟ್ಟು ಬಂದೆ. ನಾಲ್ಕನೇ ತಿಂಗಳಲ್ಲಿ ಕಾಮಾಲೆ ಬಂದು ನನ್ನ ಹಾಲು ಬತ್ತಿತು. ಅಂದಿನಿಂದ ಬಾಟಲಿಯೇ. ಬಾಟಲಿ ಕಂಡರೆ ಗಾನವಿ ಮುಖ ತಿರುಗಿಸುತ್ತಾಳೆ. ಒಂದು ಬಾಟಲಿ ಮುಗಿಸಲು ಮನೆಯಲ್ಲಿ ಮೂರು ಜನ ಕುಣಿಯಬೇಕು.

ಜನವರಿ 30

ನಾಲ್ಕು ದಿನದಿಂದ ಅಳುವಿಲ್ಲ. ಬಸ್ಸು ಹತ್ತಿದರೆ ನಿದ್ದೆ. ಮನೆಗೆ ಬಂದ ಮೇಲೂ ಹಾಲು ಕೇಳುವುದಿಲ್ಲ.

‘ಕುಡಿದಳಾ?’ ಅಂದರೆ, ‘ಓ, ಹೊಟ್ಟೆ ತುಂಬ ಕುಡುದ್ಲು ಬುಡು’ ಅನ್ನುತ್ತಾಳೆ ಚಿತ್ತಮ್ಮ. ನನ್ನ ಮುಖ ನೋಡಿ ಹೇಳುವುದಿಲ್ಲ. ಬಟ್ಟೆ ಮಡಚುತ್ತಾ ಹೇಳುತ್ತಾಳೆ.

ನಾವು ಮೂರು ಜನ ಕುಡಿಸಲಾರದ್ದನ್ನು ಇವಳೊಬ್ಬಳು ಹೇಗೆ ಕುಡಿಸುತ್ತಾಳೆ?

ಫೆಬ್ರವರಿ 3, ಸೋಮವಾರ

ಅಟ್ಟಕ್ಕೆ ಕಾಯಿ ತುಂಬಿಸಿದ ದಿನ ಮಾವ ರಾಶಿಯ ಮೇಲೆ ಸುಣ್ಣದ ನೀರಿನಲ್ಲಿ ಒಂದು ಗೆರೆ ಎಳೆಯುತ್ತಾರೆ. ಅವು ಒಳಗೇ ಒಣಗಿ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಷ್ಟರಲ್ಲಿ ಯಾರಾದರೂ ಒಂದು ಕಾಯಿ ಎಳೆದರೂ ಗೆರೆ ಒಡೆಯುತ್ತದೆ. ಈ ಮನೆಗೆ ಬಂದ ಹೊಸದರಲ್ಲಿ ನಕ್ಕಿದ್ದೆ.

ಇವತ್ತು ನಾನೂ ಎಳೆದೆ. ಬಾಟಲಿಯಲ್ಲಿ ಹಾಲು ನಿಂತ ಮಟ್ಟಕ್ಕೆ, ನೇಲ್ ಪಾಲಿಶ್‌ನಲ್ಲಿ, ಕೂದಲೆಳೆಯಷ್ಟು. ದಿನಾ ತೊಳೆದೇ ಕೊಡುತ್ತಿದ್ದ ಚಿತ್ತಮ್ಮನಿಗೆ, ಇವತ್ತು ಬಾಟಲಿ ತೊಳೆಯಬೇಡಿ, ನಾನೇ ತೊಳೆಯುತ್ತೇನೆ ಅಂದೆ.

ಸಂಜೆ ನೋಡಿದೆ. ಹಾಲು ಗೆರೆಗೆ ಸರಿಯಾಗಿ ನಿಂತಿದೆ. ಒಂದು ಗುಟುಕೂ ಇಳಿದಿಲ್ಲ.

‘ಕುಡುದ್ಲು ಕಣವ್ವ.’ ಇವತ್ತೂ ಅದೇ ಮಾತು. ಮಗು ಮಾತ್ರ ಹೊಟ್ಟೆ ಉಬ್ಬಿಸಿಕೊಂಡು ನಿದ್ದೆ.

ಹಾಲಲ್ಲದಿದ್ದರೆ ಏನು ಹೋಯಿತು ಹೊಟ್ಟೆಗೆ?

ಫೆಬ್ರವರಿ 5. ಮಧ್ಯಾಹ್ನ 1.10

ಕ್ಲಾಸು ಬಿಟ್ಟು ಹನ್ನೆರಡೂವರೆಗೇ ಹೋದೆ. ಬಾಗಿಲಿಗೆ ಒಳಗಿನಿಂದ ಚಿಲಕ. ಒಳಗೆ ಎರಡು ಮಕ್ಕಳಿದ್ದೂ ಸದ್ದಿಲ್ಲ. ಕಿವಿಯಿಟ್ಟು ನಿಂತೆ. ಬಾಗಿಲು ತಟ್ಟಿದ ಮೇಲೂ ತೆಗೆಯಲು ಹೊತ್ತು ಹಿಡಿಯಿತು. ಮಂಜುಶ್ರೀ ಒಳಗಿದ್ದಳು, ದುಪಟ್ಟಾ ಸರಿಮಾಡಿಕೊಳ್ಳುತ್ತಾ. ಅವಳ ಮಗ ಮೂಲೆಯಲ್ಲಿ ಕಾಲು ಬಡಿಯುತ್ತಿದ್ದ. ನನ್ನ ಮಗಳ ಕಣ್ಣು ನಿದ್ದೆಗೆ ತೇಲುತ್ತಿತ್ತು. ಚಿತ್ತಮ್ಮ ಬಟ್ಟೆ ಮಡಚಲು ಕೂತಳು. ಇಬ್ಬರೂ ಒಂದೇ ಕಡೆಯವರು, ಏನೋ ಸೇರಿಕೊಂಡು ಮಾಡುತ್ತಿದ್ದಾರೆ.

ಚಿತ್ತಮ್ಮನ ಕೈಚೀಲದಲ್ಲಿ ಕಂದು ಬಣ್ಣದ ಸೀಸೆ ಕಂಡಿತು. ಕೇಳಿದೆ. ‘ನನ್ನ ಕೆಮ್ಮಿಗೆ ಕಣವ್ವ.’ ಅರ್ಧ ಗಂಟೆ ಪಕ್ಕದಲ್ಲೇ ಕೂತೆ. ಒಂದು ಸಲವೂ ಕೆಮ್ಮಲಿಲ್ಲ.

ಫೆಬ್ರವರಿ 6

ಕಂಪ್ಲೇಂಟ್ ಬರೆದುಕೊಟ್ಟೆ. ‘ಮಗುವಿಗೆ ನಿದ್ದೆ ಬರುವ ಔಷಧಿ ಕುಡಿಸುತ್ತಿದ್ದಾರೆಂಬ ಬಲವಾದ ಅನುಮಾನ.’ ಬಲವಾದ ಎಂಬುದನ್ನು ಆಮೇಲೆ ಸೇರಿಸಿದೆ.

ಗಿರಿಜಾಂಬಿಕಾ ಮೇಡಂ ಚಿತ್ತಮ್ಮನನ್ನು ಕರೆಸಿದರು. ಅವಳು ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತಳು. ‘ನನ್ ಮೊಮ್ಮಕ್ಳ ಆಣೆ, ಅಂತಾದ್ದು ಮಾಡಿಲ್ಲ.’ ಮತ್ತೆ ಹಾಲು ಯಾಕೆ ಹಾಗೇ ಇದೆ ಎಂದು ಮೇಡಂ ಕೇಳಿದರು. ಅದಕ್ಕೆ ಬಾಯಿ ಬಿಡಲಿಲ್ಲ. ಬಾಯಿ ಬಿಡದಿದ್ದರೆ ಏನರ್ಥ? ಕಮಿಟಿ ತೀರ್ಮಾನ ಆಗುವವರೆಗೆ ರೂಮಿಗೆ ಬೀಗ.

ನಾನು ಮಾಡಿದ್ದು ಸರಿ.

ಫೆಬ್ರವರಿ 10

ಡಾಕ್ಟರಿಗೆ ತೋರಿಸಿದೆ. ಔಷಧಿಯ ಲಕ್ಷಣ ಏನೂ ಇಲ್ಲವಂತೆ. ತಕ್ಕಡಿಯಲ್ಲಿಟ್ಟು, ‘ಚೆನ್ನಾಗಿ ತೂಕ ಬಂದಿದೆಯಲ್ಲಮ್ಮ, ಏನು ಕೊಡ್ತಿದ್ರೋ ಅದನ್ನೇ ಕೊಡಿ’ ಎಂದರು.

ಏನು ಕೊಡುತ್ತಿದ್ದರು?

ಬಾಟಲಿ ಕಂಡರೆ ಮತ್ತೆ ಅಳು. ನಿನ್ನೆಯೆಲ್ಲಾ ಬೆರಳು ಚೀಪುತ್ತಿದ್ದಳು. ಅಟೆಂಡೆನ್ಸ್ 73ಕ್ಕೆ ಬಂದು ನಿಂತಿದೆ. ಇನ್ನು ಇಳಿಯುವುದೇ.

ಫೆಬ್ರವರಿ 18, ಮಂಗಳವಾರ

ಎಂಟು ದಿನ ಕಾಲೇಜಿಲ್ಲ, ಬರೆಯುವುದೂ ಇಲ್ಲ. ಇವತ್ತು ಬರೆಯಲೇಬೇಕು.

ಗಾನವಿಯನ್ನು ಎತ್ತಿಕೊಂಡು ಅಮ್ಮನ ಮನೆಗೆ ಹೊರಟಿದ್ದೆ. ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಿಸಬೇಕು. ಅಂಗಡಿ ನೆರಳಲ್ಲಿ ಮಂಜುಶ್ರೀ ಮಗನನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ನೋಡಿಯೂ ನೋಡದ ಹಾಗೆ ತಿರುಗಿದೆ. ಗಾನವಿ ತಿರುಗಲಿಲ್ಲ. ಎರಡೂ ಕೈ ಚಾಚಿ ಅವಳ ಕಡೆ ಬಿದ್ದಳು, ಹಿಡಿಯದಿದ್ದರೆ ನೆಲಕ್ಕೇ. ಅವಳ ದುಪಟ್ಟಾ ಎಳೆದು ಎದೆಗೆ ಬಾಯಿ ಹಾಕಲು ಹೋದಳು. ನನ್ನ ಮಗಳು. ಮಂಜುಶ್ರೀಯ ಚೂಡಿದಾರದ ಮೇಲೆ ಎರಡು ಕಡೆ ಒದ್ದೆ ಹರಡಿತು. ಅವಳು ಕೈಚೀಲ ಅಡ್ಡ ಹಿಡಿದಳು.

ಆಗ ತಿಳಿಯಿತು.

‘ಮೊದಲ್ನೇ ದಿನ ಬಾಟ್ಲಿ ಬಾಯಿಗಿಟ್ರೆ ನೀಲಿ ಆಗಂಗೆ ಅತ್ಲು ಅಕ್ಕ. ನನ್ ಮಗಂಗೆ ಕೊಡ್ತಾ ಇದ್ದೆ. ತಡೀಲಾರ್ದೆ ಎತ್ಕೊಂಡೆ. ಆಮೇಲೆ ದಿನಾ ಅದೇ ಆಯ್ತು.’

‘ನನಗೆ ಒಂದು ಮಾತು ಹೇಳೋಕೇನಾಗಿತ್ತು?’

‘ಏನಂತ ಹೇಳ್ಲಿ? ನಾವು ಹಟ್ಟಿಯೋರು. ನೀರು ಕೊಟ್ರೇ ನಿಮ್ಮೋರು ಲೋಟ ನೋಡ್ತಾರೆ. ಚಿತ್ತಜ್ಜಿ ಅಂತು, ಹೇಳ್ಬೇಡ ಕಣೇ, ಮಗೀನ ಕರ್ಕಂಡ್ ಬರೋದು ನಿಲ್ಲುಸ್ಬುಡ್ತಾರೆ ಅಂತ.’

ಅವಳೂ ಕಾಲೇಜಿಗೆ ಹೋಗುತ್ತಿಲ್ಲ. ರೂಮಿಗೆ ಬೀಗ ಬಿದ್ದ ದಿನದಿಂದ. ಅವಳ ಅಟೆಂಡೆನ್ಸ್ ನನ್ನದಕ್ಕಿಂತ ಕಡಿಮೆ. ಚಿತ್ತಮ್ಮ ಹುಳಿಯಾರಿಗೆ ವಾಪಸ್ಸು.

ಫೆಬ್ರವರಿ 19

ನಿನ್ನೆಯ ಇನ್ನೊಂದು ವಿಷಯ ಬರೆದಿಲ್ಲ. ಅಮ್ಮನ ಮನೆಗೆ ಹೋದವಳೇ ಮಗುವಿಗೆ ಸ್ನಾನ ಮಾಡಿಸಿದೆ. ಬೆಳಿಗ್ಗೆಯಷ್ಟೇ ಆಗಿತ್ತು ಸ್ನಾನ. ಸೋಪು ಕೈಯಲ್ಲಿರುವಾಗಲೇ ನಾಚಿಕೆಯಾಯಿತು. ಯಾಕೆ ತೊಳೆಯುತ್ತಿದ್ದೇನೆ, ಏನನ್ನು?

ಹೊಟ್ಟೆಕಿಚ್ಚೂ ಇದೆ. ನನ್ನದು ಬತ್ತಿತು, ಅವಳದು ಇಬ್ಬರಿಗೆ ಸಾಕಾಗುವಷ್ಟಿದೆ. ಅವಳ ಕಡೆ ಚಾಚಿದ ಹಾಗೆ ಗಾನವಿ ನನ್ನ ಕಡೆ ಚಾಚಿ ಎಷ್ಟು ದಿನವಾಯಿತು?

ಸೀಸೆಯೊಳಗೆ ಕೆಮ್ಮಿನ ಔಷಧಿಯೇ ಇತ್ತು. ಆ ಮುದುಕಿ ನನ್ನ ಮಗುವಿಗಾಗಿ ಸುಮ್ಮನಿದ್ದಳು. ನಾನು ಬಲವಾದ ಎಂದು ಬರೆದೆ.

ಫೆಬ್ರವರಿ 21

ಮೇಡಂ ಹತ್ತಿರ ಹೋಗಿ ಕಂಪ್ಲೇಂಟ್ ವಾಪಸ್ ತೆಗೆದುಕೊಳ್ಳುತ್ತೇನೆ ಅಂದೆ.

‘ಬಾಯಲ್ಲಿ ಹೇಳಿದ್ರೆ ಆಗಲ್ಲಮ್ಮ. ಕಾರಣ ಬರೆದು ಕೊಡು. ಕಾರಣ ಇಲ್ಲದಿದ್ದರೆ ನಿನ್ನನ್ನ ಯಾರೋ ಹೆದರಿಸಿದ್ದಾರೆ ಅಂದ್ಕೋತಾರೆ. ಸೋಮವಾರ ಮೂರು ಗಂಟೆಗೆ ಕಮಿಟಿ. ಅವತ್ತು ಆಗದಿದ್ದರೆ ಈ ವರ್ಷ ರೂಮು ತೆಗೆಯಲ್ಲ.’

ಕಾರಣ ಬರೆದರೆ ಮಲ್ಲೇಶ್ ರಿಜಿಸ್ಟರ್. ಮಲ್ಲೇಶ್ ಓದಿದರೆ ಅತ್ತೆ ಓದಿದ ಹಾಗೆ. ಮಗು ಯಾರ ಹಾಲು ಕುಡಿಯಿತು ಎಂದು ತಿಳಿದ ಮೇಲೆ ನನ್ನನ್ನು ಕಾಲೇಜಿಗೆ ಬಿಡುತ್ತಾರೆಯೇ? ರೂಮು ತೆರೆಯುತ್ತದೆ, ನಾನು ಮಾತ್ರ ಬರುವ ಹಾಗಿಲ್ಲ.

ಬರೆಯದಿದ್ದರೆ ಅವರಿಬ್ಬರ ಗತಿ?

ಮಂಜುಶ್ರೀಗೆ ಫೋನ್ ಮಾಡಿ ಹೆಸರು ಬರೆಯಲಾ ಎಂದು ಕೇಳಿದೆ. ‘ಬರಿ ಅಕ್ಕ. ನನ್ನೇನೂ ಅನ್ನಲ್ಲ ಇಲ್ಲಿ. ನಿಮ್ಮನೇಲಿ ಏನಾಗುತ್ತೋ ನೋಡ್ಕೊ’ ಎಂದಳು.

ಫೆಬ್ರವರಿ 24, ಸೋಮವಾರ. ಮಧ್ಯಾಹ್ನ 2.35, ಆಫೀಸಿನ ಹೊರಗಿನ ಬೆಂಚು

ಮೂರು ಹಾಳೆ ಹರಿದೆ. ‘ವೈಯಕ್ತಿಕ ಕಾರಣ’ ಎಂದು ಬರೆದಿದ್ದನ್ನು ಹರಿದೆ. ‘ತಪ್ಪು ತಿಳಿವಳಿಕೆ’ಯನ್ನೂ ಹರಿದೆ. ನಾಲ್ಕನೆಯದು ನಿಂತಿತು. ನಕಲು ಇಲ್ಲಿಟ್ಟುಕೊಳ್ಳುತ್ತೇನೆ:

‘ನನ್ನ ಅನುಮಾನ ಸುಳ್ಳು. ಚಿತ್ತಮ್ಮನವರು ನನ್ನ ಮಗಳಿಗೆ ಯಾವ ಔಷಧಿಯನ್ನೂ ಕೊಟ್ಟಿಲ್ಲ. ಮಗು ಬಾಟಲಿ ಮುಟ್ಟದಿದ್ದಾಗ ಬಿ.ಎ. ವಿದ್ಯಾರ್ಥಿನಿ ಮಂಜುಶ್ರೀಯವರು ತಮ್ಮ ಮಗುವಿನ ಜೊತೆಗೆ ಅವಳಿಗೂ ಎದೆಹಾಲು ಕೊಟ್ಟು ಸಾಕಿದ್ದಾರೆ. — ಸರ್ವಮಂಗಳ, ಎಂ.ಎ.’

2.50. ಮಲ್ಲೇಶ್ ಕೈಗೆ ಕೊಟ್ಟೆ. ‘ಕೂತ್ಕೊಳಿ ಅತ್ತಿಗೆ’ ಅಂದ. ಸೀಲು ಹೊಡೆದ. ನಂಬರ್ ಹಾಕುವ ಮೊದಲು ಓದುತ್ತಿದ್ದಾನೆ. ತುಟಿ ಅಲ್ಲಾಡುತ್ತಿದೆ, ಎಲ್ಲಿಗೆ ಬಂದನೆಂದು ಇಲ್ಲಿಂದಲೇ ಗೊತ್ತಾಗುತ್ತದೆ. ಔಷಧಿ... ಬಾಟಲಿ... ಈಗ ನಿಂತ. ತಲೆ ಎತ್ತಿ ನನ್ನನ್ನು ನೋಡಿದ. ಹಾಳೆಯನ್ನು ಮೇಡಂ ರೂಮಿನ ಟ್ರೇಗೆ ಹಾಕಿದ. ಸದ್ಯ, ಹಾಕಿದ.

ಫೋನ್ ತೆಗೆದುಕೊಂಡು ಹೊರಗೆ ಹೋಗುತ್ತಿದ್ದಾನೆ. ನನ್ನ ಬ್ಯಾಗಿನಲ್ಲಿ ಫೋನ್ ಇನ್ನೂ ಸುಮ್ಮನಿದೆ. ಎತ್ತಿದರೆ ಇವರಿಗೆ ಮೊದಲು ಏನು ಹೇಳಬೇಕೆಂದರೆ, ಮಗಳ ತೂಕ ಏರಿದ್ದು ಆ ಹಾಲಿನಿಂದಲೇ. ಫೋನ್ ಬಡಿಯುತ್ತಿದೆ.