ಬೇರೆಯಾದ ಸುದ್ದಿ

ಮಾರ್ಚ್ 3, ಸೋಮವಾರ, ಸಂಜೆ

ಬೇರೆಯಾದವು! ಕೊನೆಗೂ ಬೇರೆಯಾದವು! ಅಣುಗಳನ್ನು ಬೇರ್ಪಡಿಸುವ ಯಂತ್ರದ ಸ್ಕ್ರೀನಿನ ಮೇಲೆ ಒಂದೇ ಗುಡ್ಡವಾಗಿ ಕೂತಿದ್ದ ಪೀಕ್ ಇವತ್ತು ಎರಡಾಯಿತು. ಒಂದು ನಮ್ಮ ಔಷಧದ ಪೆಪ್ಟೈಡ್, ಇನ್ನೊಂದು ಅದರ ಕನ್ನಡಿ ಬಿಂಬ. ಎಡಗಾಲು-ಬಲಗಾಲಿನ ಚಪ್ಪಲಿಗಳ ಹಾಗೆ — ತೂಕ ಹಾಕಿದರೆ ಗೊತ್ತಾಗದು, ಮೆಟ್ಟಿದರೆ ಗೊತ್ತಾಗುತ್ತದೆ. ಬಿಂಬ ಬೆರೆತ ಔಷಧ ನಂಬುವಂತಿಲ್ಲ. ಬೇರ್ಪಡಿಸಿ ತೋರಿಸುವವರೆಗೆ ರಜೆ ಇಲ್ಲ ಎಂದಿದ್ದರು ಲ್ಯಾಬಿನ ಮೇಡಂ. ಮದುವೆಯಾದ ಮೂರನೇ ದಿನವೇ ಲ್ಯಾಬಿಗೆ ವಾಪಸ್ ಬಂದವಳು ನಾನು. 'ಇವರು' ಅಲ್ಲಿ, ನಾನಿಲ್ಲಿ. 'ಇವರು'! ಬರೆಯುವಾಗಲೇ ನಗು.

ಫೋನ್ ಮಾಡಿ ಕೂಗಿಬಿಟ್ಟೆ: "ರೀ, ಬೇರೆ ಆದ್ವು! ಪೂರ್ತಿ ಬೇರೆ!"

ಎತ್ತಿದ್ದು ಅತ್ತೆ. 'ಆದ್ವು' ಅಂದದ್ದು 'ಆದ್ವಿ' ಎಂದು ಕೇಳಿಸಿದೆ.

"ಯಾಕಮ್ಮಾ... ಅವನೇನಾದ್ರೂ ಅಂದ್ನಾ?"

ಮಾರ್ಚ್ 4

ಸುಳ್ಳು. ಎಲ್ಲ ಸುಳ್ಳು. ಔಷಧವಿಲ್ಲದೆ ಬರೀ ದ್ರಾವಕ ಓಡಿಸಿದರೂ ಅದೇ ಎರಡನೇ ಪೀಕ್. ಹಿಂದಿನ ಸ್ಯಾಂಪಲ್ ಯಂತ್ರದ ಸೂಜಿಯಲ್ಲೇ ಉಳಿದಿತ್ತು.

"ಇದು ಬಿಂಬ ಅಲ್ಲಮ್ಮಾ, ಎಂಜಲು," ಎಂದರು ಮೇಡಂ.

ಸಂಜೆ ಅತ್ತೆಗೆ ಹೇಳಿದೆ — ಅವು ಇನ್ನೂ ಒಟ್ಟಿಗೇ ಇದ್ದಾವೆ.

"ಒಳ್ಳೇದಾಯ್ತು ಬಿಡು!"

ಮಾರ್ಚ್ 13

ಸುಸ್ತು. ಯಂತ್ರದೊಳಗಿನ ಬೇರ್ಪಡಿಸುವ ಕೊಳವೆ, ಅಂದರೆ ಕಾಲಮ್, ಬದಲಾಯಿಸಿದೆ, ದ್ರಾವಕ ಬದಲಾಯಿಸಿದೆ, ಬಿಸಿ ಏರಿಸಿದೆ, ಇಳಿಸಿದೆ. ಗುಡ್ಡ ಅಲುಗಲಿಲ್ಲ. ನಿನ್ನೆ ಇವರ ಜೊತೆ ಫೋನಿನಲ್ಲಿ ಮಾತಾಡುತ್ತಲೇ ನಿದ್ದೆ ಹೋದೆನಂತೆ. "ನಿನ್ ಗೊರಕೆ ಕೇಳ್ತಾ ಕೂತಿದ್ದೆ ಕಣೇ, ಇಡೋಕೆ ಮನಸ್ಸಾಗ್ಲಿಲ್ಲ."

ಅಳು ಬಂತು. ಹೊರಟ ದಿನದ ಸ್ಟೇಷನ್ ನೆನಪಾಯಿತು. ಇವರ ಬಲಗೈಯಲ್ಲಿ ನನ್ನ ಸೂಟ್‌ಕೇಸ್, ಕೈಕುಲುಕಲು ಚಾಚಿದ್ದು ಎಡಗೈ. ನನ್ನ ಬಲಗೈಗೆ ಅದು ಕೂರಲೇ ಇಲ್ಲ, ಬೆರಳೆಲ್ಲ ಸೊಟ್ಟ...

ಅಯ್ಯೋ. ಕೈ! ಎರಡಕ್ಕೂ 'ಬಲಗೈ'ಯ ಒಂದು ಪುಟ್ಟ ಅಣು ಅಂಟಿಸಿದರೆ? ಒಂದರ ಜೊತೆ ನೆಟ್ಟಗೆ ಕೂರುತ್ತದೆ, ಇನ್ನೊಂದರ ಜೊತೆ ಸೊಟ್ಟಗೆ. ಆಮೇಲೆ ಅವು ಬಿಂಬಗಳಾಗಿ ಉಳಿಯುವುದಿಲ್ಲ. ಕಾಲಮ್ಮಿಗೆ ಗೊತ್ತಾಗಲೇಬೇಕು.

ಮಾರ್ಚ್ 19, ಬುಧವಾರ

ಮೊದಲು ಬರೀ ದ್ರಾವಕ. ನೇರ ಗೆರೆ, ಎಂಜಲಿಲ್ಲ. ಆಮೇಲೆ 'ಬಲಗೈ' ಅಂಟಿಸಿದ ಸ್ಯಾಂಪಲ್. ಎರಡು ಪೀಕ್, ನಡುವೆ ಬಯಲು! ಪರೀಕ್ಷೆಗೆಂದೇ ಬೇರೆ ತಯಾರಿಸಿಟ್ಟಿದ್ದ ಬಿಂಬ ಒಂದನ್ನೇ ಹಾಕಿದೆ — ಎರಡನೆಯದು ಮಾತ್ರ ಬಂತು. ಕುಣಿಯಲು ತ್ರಾಣವಿಲ್ಲ. ಕುರ್ಚಿಯಲ್ಲೇ ಒರಗಿ ನಕ್ಕೆ. ಮೇಡಂ ಮೂರು ಸಲ ಓಡಿಸಿ ನೋಡಿದರು. "ಹೋಗು ತಾಯಿ, ಇನ್ನು ಊರಿಗೆ ಹೋಗು."

ಫೋನ್ ಎತ್ತಿದ್ದು ಮತ್ತೆ ಅತ್ತೆ. ಈ ಸಲ ಬಿಡಿಸಿ ಬಿಡಿಸಿ ಹೇಳಿದೆ.

"ಅತ್ತೆ, ಅವು ಬೇರೆ ಆದ್ವು. ಅ-ವು. ನಾವಲ್ಲ."

"ಗೊತ್ತಾಯ್ತಮ್ಮಾ, ನಂಗೇನು ಕಿವುಡೇ? ನೀನು ಯಾವತ್ತು ಬರ್ತೀ, ಅದ್ ಹೇಳು. ಇವ್ನು ಪಕ್ಕದಲ್ಲೇ ನಿಂತು ಫೋನ್ ಕಿತ್ಕೋತಿದ್ದಾನೆ!"

"ಶುಕ್ರವಾರ, ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರ್ತೀನಿ," ಎಂದೆ.